ಬಸ್ಸಿನಲ್ಲಿ ಹೋಗಿ, ಕಾಡಿನಲ್ಲಿ ನಡೆದು, ಸಂಜೆ ಅದೇ ಬಸ್ಸಿನಲ್ಲಿ ವಾಪಸ್: ನೀವು ಹೇಗೆ ಲೆಕ್ಕ ಹಾಕುತ್ತೀರಿ?

ಹೊಸ ಹೆಜ್ಜೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಪುರುಸೊತ್ತಿದ್ದಾಗ ಓದಿ ಹೇಳಿ.

ನನಗೆ ಗಾಡಿ ಓಡಿಸಲು ಆಗುವುದಿಲ್ಲ. ಒಂದು ಕಣ್ಣಿನ ದೃಷ್ಟಿ ತೀರಾ ಕಡಿಮೆ. ಆದರೆ ಕಾಡಿನಲ್ಲಿ ನಡೆಯುವುದು ಅಂದರೆ ನನಗೆ ಪ್ರಾಣ. ಇಷ್ಟು ದಿನ ಗೆಳೆಯರ ಕಾರಿನಲ್ಲಿ ಹೋಗುತ್ತಿದ್ದೆ. ಅವರಿಗೆ ಬಿಡುವಾದಾಗ ಮಾತ್ರ ನನಗೆ ಕಾಡು. ಈ ವರ್ಷ ಬಸ್ಸಿನಲ್ಲೇ ಹೋಗಿಬರೋಣ ಎಂದು ತಂಗಿಯನ್ನು ಒಪ್ಪಿಸಿದೆ.

ಹೋದ ತಿಂಗಳು ಮೊದಲ ಸಲ ಹೋದೆವು. ನಕ್ಷೆಯಲ್ಲಿ 14 ಕಿಲೋಮೀಟರಿನ ಒಂದು ಸುತ್ತು ಸಿಕ್ಕಿತ್ತು. ಹೊರಟ ಜಾಗಕ್ಕೇ ಬಂದು ಸೇರುವ ದಾರಿ. ಒಟ್ಟು ಏರು 520 ಮೀಟರ್. ಬೆಳಿಗ್ಗೆ 9:15ಕ್ಕೆ ಬಸ್ಸಿಳಿದು ನಡೆಯಲು ಶುರು ಮಾಡಿದೆವು. ಗಂಟೆಗೆ 5 ಕಿಲೋಮೀಟರ್ ಅಂದರೆ ಹತ್ತಿರ ಹತ್ತಿರ ಮೂರು ಗಂಟೆ, ಊಟಕ್ಕೆ ಒಂದು ಗಂಟೆ, ಮಧ್ಯಾಹ್ನ ಒಂದೂಕಾಲಿಗೆ ವಾಪಸ್ ಎಂದು ಅಂದಾಜು ಮಾಡಿದ್ದೆ. ಕೊನೆ ಬಸ್ಸು 4:30ಕ್ಕೆ. ಮೂರು ಗಂಟೆ ಕೈಯಲ್ಲಿದೆ ಅಲ್ವಾ, ಇನ್ನೇನು ಬೇಕು ಅಂದುಕೊಂಡೆ.

ಸ್ಟಾಪಿಗೆ ಬಂದು ಮುಟ್ಟಿದಾಗ 4:40. ಒಂದು ಕವಲಿನಲ್ಲಿ ತಪ್ಪು ದಾರಿ ಹಿಡಿದು ಸುಮಾರು 40 ನಿಮಿಷ ಕಳೆದಿದ್ದೆವು, ನಿಜ. ಆದರೂ ಅಷ್ಟು ಹೊತ್ತು ಹೇಗಾಯಿತು ಎಂದು ಇವತ್ತಿಗೂ ಅರ್ಥವಾಗಿಲ್ಲ. ಕತ್ತಲಾಗುವ ಹೊತ್ತಿಗೆ ಒಂದು ಕುಟುಂಬದವರು ಕಾರು ನಿಲ್ಲಿಸಿ ಕರೆದುಕೊಂಡು ಹೋದರು. ಒಳ್ಳೆಯ ಜನ. ಆದರೆ ಅವರು ಬರುವ ತನಕ ತಂಗಿ ನನ್ನ ತೋಳು ಬಿಟ್ಟಿರಲಿಲ್ಲ.

ಬಸ್ಸನ್ನೇ ನಂಬಿಕೊಂಡು ಹೋಗುವವರು ಎಷ್ಟು ದೂರದ ದಾರಿ ಆರಿಸುತ್ತೀರಿ? ಸಮಯದ ಲೆಕ್ಕ ಹೇಗೆ? ದಾರಿ ತಪ್ಪದ ಹಾಗೆ ಏನು ಮಾಡುತ್ತೀರಿ? ತಂಗಿ ಇನ್ನೊಮ್ಮೆ ಬರುತ್ತೇನೆ ಅಂದಿದ್ದಾಳೆ. ಅವಳ ಆ ಮಾತನ್ನು ಉಳಿಸಿಕೊಳ್ಳಬೇಕು.

ಕಿಟಕಿ ಸೀಟು ಬರೆದದ್ದು:

ನಿಮ್ಮಿಬ್ಬರ ಕಾಲು ಚೆನ್ನಾಗಿಯೇ ನಡೆದಿದೆ. ಎಡವಿದ್ದು ಲೆಕ್ಕ. ಅದನ್ನು ಸರಿ ಮಾಡಬಹುದು, ಆದ್ದರಿಂದ ದಯವಿಟ್ಟು ಬಿಡಬೇಡಿ.

ನನಗೂ ಗಾಡಿ ಇಲ್ಲ. 22 ವರ್ಷದಿಂದ ಬಸ್ಸಿನಲ್ಲೇ ಹೋಗಿ ಕಾಡು ಸುತ್ತಿ ಬರುತ್ತಿದ್ದೇನೆ. ಈಗ 61 ವಯಸ್ಸು. ಹೆಚ್ಚಿನ ಸಲ ಒಬ್ಬಳೇ, ಕೆಲವು ಸಲ ಗೆಳತಿಯ ಜೊತೆ. ಪ್ರತಿ ನಡಿಗೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಹೊರಟ ಹೊತ್ತು, ಮುಟ್ಟಿದ ಹೊತ್ತು, ಬಸ್ಸು ನಿಜವಾಗಿ ಬಂದ ಹೊತ್ತು. ಈಗ ಹೇಳುವುದೆಲ್ಲ ಆ ಪುಸ್ತಕದಿಂದ ಕಲಿತದ್ದು.

ಮೊದಲು ನಿಮ್ಮ 14 ಕಿಲೋಮೀಟರನ್ನೇ ತೆಗೆದುಕೊಳ್ಳೋಣ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಲೆಕ್ಕ ಕೊಟ್ಟರು. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಈಗಿನ ಅಳತೆಯಲ್ಲಿ ಹೆಚ್ಚುಕಡಿಮೆ 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ. ನೀವು ಏರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ತೆಗೆದುಕೊಂಡಿದ್ದರೆ ದೂರಕ್ಕೆ 2 ಗಂಟೆ 48 ನಿಮಿಷ, ಏರಿಗೆ 52 ನಿಮಿಷ, ಒಟ್ಟು 3 ಗಂಟೆ 40 ನಿಮಿಷ ಆಗುತ್ತಿತ್ತು. ಅದು ಕೂಡ ಗಟ್ಟಿ ಕಾಲಿನವರು, ಒಳ್ಳೆಯ ದಾರಿಯಲ್ಲಿ, ಎಲ್ಲೂ ನಿಲ್ಲದೆ ನಡೆದರೆ.

ಆದರೆ ಕಾಡಿನ ದಾರಿ ಒಳ್ಳೆಯ ದಾರಿಯಲ್ಲ. ಬೇರು ದಾಟಬೇಕು, ಬಿದ್ದ ಮರ ಸುತ್ತಬೇಕು, ಒದ್ದೆ ಕಲ್ಲಿನ ಮೇಲೆ ಕಾಲು ನೋಡಿ ಇಡಬೇಕು. ನನ್ನ ಪುಸ್ತಕದ ಪ್ರಕಾರ ಕಾಡಿನಲ್ಲಿ ನನ್ನ ವೇಗ ಗಂಟೆಗೆ 3 ಕಿಲೋಮೀಟರ್. ನಲವತ್ತರ ವಯಸ್ಸಿನಲ್ಲೂ ಅಷ್ಟೇ ಇತ್ತು. ಅದನ್ನು ಹಾಕಿ ನೋಡಿ. 14 ಕಿಲೋಮೀಟರಿಗೆ 4 ಗಂಟೆ 40 ನಿಮಿಷ, ಏರಿಗೆ 52 ನಿಮಿಷ, ಊಟಕ್ಕೆ ಒಂದು ಗಂಟೆ, ದಾರಿ ತಪ್ಪಿದ್ದಕ್ಕೆ 40 ನಿಮಿಷ. ಕೂಡಿದರೆ 7 ಗಂಟೆ 12 ನಿಮಿಷ. ನೀವು ತೆಗೆದುಕೊಂಡದ್ದು 7 ಗಂಟೆ 25 ನಿಮಿಷ. ಮಿಕ್ಕ 13 ನಿಮಿಷ ಯಾವುದೋ ಹಕ್ಕಿ ನೋಡುತ್ತಾ ನಿಂತಿರುತ್ತೀರಿ, ಅದಕ್ಕಾಗಿ ತಾನೇ ಹೋಗುವುದು. ನೀವು ನಿಧಾನವಾಗಿ ನಡೆದಿಲ್ಲ. ಆ ದಾರಿಗೆ ಅಷ್ಟು ಹೊತ್ತು ಬೇಕು.

ಈಗ ಮುಖ್ಯ ಮಾತು. ಕಾರಿನಲ್ಲಿ ಹೋಗುವವರು ಬೆಳಿಗ್ಗೆಯಿಂದ ಸಂಜೆಯ ಕಡೆಗೆ ಲೆಕ್ಕ ಹಾಕುತ್ತಾರೆ. ನಾವು ಸಂಜೆಯಿಂದ ಬೆಳಿಗ್ಗೆಯ ಕಡೆಗೆ ಹಾಕಬೇಕು. ನಾನು ಮೊದಲು ನೋಡುವುದು ವಾಪಸ್ ಬಸ್ಸನ್ನು. ಕೊನೆ ಬಸ್ಸನ್ನು ನನ್ನ ಬಸ್ಸು ಎಂದು ಎಣಿಸುವುದೇ ಇಲ್ಲ. ಅದರ ಹಿಂದಿನದು ನನ್ನ ಬಸ್ಸು. ಕೊನೆಯದು ಇರುವುದು ನನ್ನ ತಪ್ಪಿಗೆ. ನನ್ನ ಬಸ್ಸಿಗೆ ಅರ್ಧ ಗಂಟೆ ಮೊದಲೇ ಸ್ಟಾಪಿನಲ್ಲಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಎಷ್ಟು ಕಿಲೋಮೀಟರ್ ನಡೆಯಬಹುದು ಎಂದು ತಾನಾಗಿ ಗೊತ್ತಾಗುತ್ತದೆ. ದಿನಕ್ಕೆ ಒಂದೇ ಒಂದು ವಾಪಸ್ ಬಸ್ಸಿರುವ ಜಾಗಕ್ಕೆ ನಾನು ಹೋಗುವುದಿಲ್ಲ. ಕಾಡು ಎಷ್ಟೇ ಚೆಂದ ಇರಲಿ.

ಒಂದು ಹೊತ್ತನ್ನು ಮೊದಲೇ ಗೊತ್ತು ಮಾಡಿ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ‘12:30ಕ್ಕೆ ತೊರೆ ದಾಟಿರದಿದ್ದರೆ ವಾಪಸ್’ ಎನ್ನುವ ಹಾಗೆ. ಮನೆಯಲ್ಲಿ ಕೂತು ಬರೆದದ್ದಕ್ಕೆ ಬೆಲೆ ಜಾಸ್ತಿ. ಕಾಡಿನೊಳಗೆ ನಿಂತು ಯೋಚಿಸಿದರೆ ‘ಇನ್ನು ಸ್ವಲ್ಪವೇ ಇದೆ’ ಎಂದೇ ಅನ್ನಿಸುತ್ತದೆ. ನಾಲ್ಕು ಸಲ ಆ ಚೀಟಿ ನೋಡಿ ತಿರುಗಿದ್ದೇನೆ. ನಾಲ್ಕೂ ಸಲ ಮನಸ್ಸು ಒಪ್ಪಿರಲಿಲ್ಲ. ಕಾಲು ತಿರುಗಿಸಿದೆ, ಅಷ್ಟೇ.

ಇನ್ನೊಂದು, ಇದು ನನಗೆ ತುಂಬಾ ಇಷ್ಟದ ವಿಷಯ. ಸುತ್ತು ದಾರಿಯೇ ಏಕೆ? ಕಾರು ನಿಲ್ಲಿಸಿದವರು ಕಾರಿನ ಹತ್ತಿರವೇ ಬರಬೇಕು. ನಮಗೆ ಆ ಕಟ್ಟು ಇಲ್ಲ. ಒಂದು ಸ್ಟಾಪಿನಲ್ಲಿ ಇಳಿದು, ಕಾಡು ದಾಟಿ, ಆಚೆ ಕಡೆಯ ರಸ್ತೆಯಲ್ಲಿ ಬೇರೆ ಬಸ್ಸು ಹತ್ತಬಹುದು. ಬೆಳಿಗ್ಗೆ ಬಸ್ಸು ಕಡಿಮೆ ಇರುವ ತುದಿಗೆ ಹೋಗಿ ಇಳಿಯಿರಿ. ಸಂಜೆ ಬಸ್ಸು ಜಾಸ್ತಿ ಇರುವ ತುದಿಗೆ ಬಂದು ಮುಗಿಸಿ. ಬೆಳಿಗ್ಗೆ ಒಂದು ಬಸ್ಸು ತಪ್ಪಿದರೆ ಮನೆಗೆ ಹೋಗಿ ಮಲಗಬಹುದು. ಸಂಜೆ ತಪ್ಪಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು.

ಟೈಮ್‌ಟೇಬಲ್ ವಿಷಯ. ಫೋನಿನ ನಕ್ಷೆ ತೋರಿಸುವ ಬಸ್ಸಿನ ಹೊತ್ತು ಬಸ್ಸು ಓಡಿಸುವವರೇ ಕೊಟ್ಟ ಪಟ್ಟಿಯಿಂದ ಬರುತ್ತದೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆಯವರೂ ಗೂಗಲ್‌ನವರೂ ಸೇರಿ ಆ ಪಟ್ಟಿಗೊಂದು ಮಾದರಿ ಮಾಡಿದರು. ಈಗ ಜಗತ್ತಿನ ಎಷ್ಟೋ ಕಡೆ ಅದೇ ನಡೆಯುತ್ತಿದೆ. ಪಟ್ಟಿ ಕೊಡದ ಬಸ್ಸು ಫೋನಿನಲ್ಲಿ ಕಾಣುವುದಿಲ್ಲ, ಆದರೆ ರಸ್ತೆಯಲ್ಲಿ ಓಡುತ್ತಿರುತ್ತದೆ. ಪಟ್ಟಿ ಹಳೆಯದಾದರೆ ಫೋನಿನಲ್ಲಿ ಇರುತ್ತದೆ, ರಸ್ತೆಯಲ್ಲಿ ಇರುವುದಿಲ್ಲ. ಹಾಗಾಗಿ ಬೆಳಿಗ್ಗೆ ಇಳಿಯುವಾಗ ಡ್ರೈವರನ್ನೇ ಕೇಳಿ. ‘ಸಂಜೆ ವಾಪಸ್ ಬಸ್ಸು ಇದೆಯಾ’ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಇವತ್ತು ಕೊನೆ ಬಸ್ಸು ಎಷ್ಟು ಹೊತ್ತಿಗೆ, ಯಾವ ಕಡೆ ನಿಲ್ಲುತ್ತದೆ’ ಎಂದು ಕೇಳಿ.

ನನಗೆ ಒಮ್ಮೆ ಆದದ್ದು ಹೇಳುತ್ತೇನೆ. ಸ್ಟಾಪಿನ ಕಂಬಕ್ಕೆ ಹೊತ್ತಿನ ಹಾಳೆ ಅಂಟಿಸಿದ್ದರು. 3:40ರ ಮುಂದೆ ಒಂದು ಪುಟ್ಟ ನಕ್ಷತ್ರದ ಗುರುತು. ಮಳೆಗೆ ಶಾಯಿ ಹರಡಿ ಅದು ಚುಕ್ಕೆಯ ಹಾಗೆ ಕಾಣುತ್ತಿತ್ತು. ನಾನು ಗಮನಿಸಲಿಲ್ಲ. ಕೂತೆ, ಕೂತೆ, ಬಸ್ಸು ಬರಲಿಲ್ಲ. ಆಮೇಲೆ ಮಂಡಿಯೂರಿ ಹಾಳೆಯ ಕೆಳತುದಿ ಓದಿದೆ. ಉಗುರಿನಷ್ಟು ಜಾಗದಲ್ಲಿ ಬರೆದಿತ್ತು: ‘ಶಾಲೆ ಇರುವ ದಿನ ಮಾತ್ರ’. ಅವತ್ತು ಶಾಲೆಗೆ ರಜೆ. ಮುಂದಿನ ಬಸ್ಸು 6:10ಕ್ಕೆ. ಎರಡೂವರೆ ಗಂಟೆ ಆ ಕಂಬದ ಹತ್ತಿರ ಇದ್ದೆ. ಅಂದಿನಿಂದ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಬೆಳಿಗ್ಗೆಯೇ ಅದರ ಫೋಟೊ ತೆಗೆದುಕೊಳ್ಳುತ್ತೇನೆ. ನಮ್ಮಂಥವರು ಹೋಗುವುದು ಹೆಚ್ಚಾಗಿ ರಜೆ ದಿನ. ಬಸ್ಸು ಕಡಿಮೆ ಇರುವುದೂ ಅವತ್ತೇ.

ಬೆಳಕು. ಇದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ದಟ್ಟ ಮಳೆಕಾಡಿನಲ್ಲಿ ನೆಲದ ತನಕ ಇಳಿಯುವುದು ಮೇಲಿನ ಬೆಳಕಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಎಲೆ ಕಡಿಮೆ ಇರುವ ಕಾಡಿನಲ್ಲಿ ಅಷ್ಟು ಕೆಟ್ಟದಾಗಿರುವುದಿಲ್ಲ. ಆದರೂ ರಸ್ತೆಯಲ್ಲಿ ಇನ್ನೂ ಪೇಪರ್ ಓದಬಹುದಾದ ಹೊತ್ತಿಗೆ ಮರದ ಕೆಳಗೆ ಬೇರಿಗೂ ನೆರಳಿಗೂ ವ್ಯತ್ಯಾಸ ಕಾಣುವುದಿಲ್ಲ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲು ಕಾಡಿನಿಂದ ಹೊರಗಿರಬೇಕು ಎಂಬುದು ನನ್ನ ಕಟ್ಟುನಿಟ್ಟು. ನಿಮಗೆ ಒಂದು ಕಣ್ಣಿನ ತೊಂದರೆ ಇದೆ ಅಂದಿರಿ. ಮಬ್ಬಿನಲ್ಲಿ ಆಳ ಅಳೆಯುವುದು ಇನ್ನೂ ಕಷ್ಟ ಅಲ್ವಾ? ನಿಮಗೆ ಎರಡೂವರೆ ಇರಲಿ. ಒಂದು ಕೋಲೂ ಇರಲಿ, ಹೆಜ್ಜೆ ಇಡುವ ಮೊದಲು ನೆಲ ಮುಟ್ಟಿ ನೋಡಲು.

ಕೊನೆಯದಾಗಿ, ಹೋಗುವಾಗ ಕಿಟಕಿ ಪಕ್ಕ ಕೂತುಕೊಳ್ಳಿ, ಮಲಗಬೇಡಿ. ನೀವು ಇಳಿಯುವ ಸ್ಟಾಪಿಗಿಂತ ಹಿಂದಿನ ಎರಡು ಸ್ಟಾಪು, ಅಲ್ಲಿನ ಮನೆ, ಕಾಡಿಗೆ ಕವಲೊಡೆಯುವ ಮಣ್ಣು ರಸ್ತೆ, ಎಲ್ಲ ನೋಡಿಟ್ಟುಕೊಳ್ಳಿ. ದಾರಿ ತಪ್ಪಿ ರಸ್ತೆಗೆ ಬಂದು ಬಿದ್ದಾಗ ಸ್ಟಾಪು ಎಡಕ್ಕೋ ಬಲಕ್ಕೋ ಎಂದು ಹೇಳುವುದು ಆ ನೋಟವೇ.

ಪುಟ್ಟ ಪಾದ ಬರೆದದ್ದು:

ಕಿಟಕಿ ಸೀಟು ಅವರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಉಳಿದದ್ದೆಲ್ಲ ಸರಿ.

ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತುವುದು ಹೊಸಬರಿಗೆ ಬೇಡ. ಅರ್ಧ ದಾರಿ ಆದ ಮೇಲೆ ಹಿಂದೆ ಹೋದರೂ ಅಷ್ಟೇ, ಮುಂದೆ ಹೋದರೂ ಅಷ್ಟೇ. ಆಗ ಕಾಲು ಉಳುಕಿದರೆ, ಮಳೆ ಹಿಡಿದರೆ, ತಂಗಿಗೆ ಹೆದರಿಕೆಯಾದರೆ? ನಾನು 8 ಮತ್ತು 11 ವರ್ಷದ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ನಮ್ಮದು ಹೋದ ದಾರಿಯಲ್ಲೇ ಬರುವ ನಡಿಗೆ. ಯಾವ ನಿಮಿಷದಲ್ಲಾದರೂ ತಿರುಗಬಹುದು. ಬರುವಾಗಿನ ದಾರಿ ಗೊತ್ತಿರುವ ದಾರಿ. ಎಷ್ಟು ಹೊತ್ತು ಬೇಕು ಎಂದೂ ಗೊತ್ತಿರುತ್ತದೆ, ಈಗ ತಾನೇ ನಡೆದಿರುತ್ತೇವಲ್ಲ.

ಬೇಜಾರಾಗುವುದಿಲ್ಲವೇ ಎಂದು ಕೇಳುತ್ತಾರೆ. ಇಲ್ಲ. ಹೋಗುವಾಗ ಬೆನ್ನಿಗೆ ಇದ್ದ ಮರ ಬರುವಾಗ ಮುಖಕ್ಕೆ ಸಿಗುತ್ತದೆ. ಬೆಳಕು ಬೇರೆ ಕಡೆಯಿಂದ ಬೀಳುತ್ತಿರುತ್ತದೆ. ಹೋದ ಸಲ ನನ್ನ ಚಿಕ್ಕವಳು ಒಂದು ಕೊಳೆತ ದಿಮ್ಮಿಯ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಅಣಬೆ ಕಂಡುಹಿಡಿದಳು. ಉಗುರಿಗಿಂತ ಚಿಕ್ಕವು, ಒಂದರ ಮೇಲೊಂದು ತಟ್ಟೆ ಜೋಡಿಸಿದ ಹಾಗೆ. ಹೋಗುವಾಗ ಅದೇ ದಿಮ್ಮಿಯ ಮೇಲೆ ಎಲ್ಲರೂ ಹತ್ತಿ ಇಳಿದಿದ್ದೆವು, ಯಾರಿಗೂ ಕಂಡಿರಲಿಲ್ಲ.

ಮಕ್ಕಳಿದ್ದರೆ 6 ಕಿಲೋಮೀಟರ್ ಸಾಕು, ಎರಡೂ ದಾರಿ ಸೇರಿ.

ತರಗೆಲೆ ಬರೆದದ್ದು:

ದಾರಿ ತಪ್ಪುವುದರ ಬಗ್ಗೆ ಹೇಳುತ್ತೇನೆ. ಕಾಡಿನಲ್ಲಿ ಹಾದಿ ಗುರುತು ಹಾಕುವ ಕೆಲಸ ಮಾಡಿದ್ದೇನೆ. ಮರದ ಮೇಲೆ ಬಣ್ಣದ ಪಟ್ಟಿ ಬಳಿಯುವುದು, ಬಿದ್ದ ಕೊಂಬೆ ಕಡಿದು ಸರಿಸುವುದು, ಇಂಥವು.

ಜನ ಎಲ್ಲಿ ತಪ್ಪುತ್ತಾರೆ ಗೊತ್ತಾ? ದೊಡ್ಡ ಕವಲಿನಲ್ಲಿ ಅಲ್ಲ. ಅಲ್ಲಿ ಎಲ್ಲರೂ ನಿಂತು ನೋಡುತ್ತಾರೆ. ತಪ್ಪುವುದು ಮರ ಬಿದ್ದ ಜಾಗದಲ್ಲಿ. ಅಡ್ಡ ಬಿದ್ದ ಮರವನ್ನು ಸುತ್ತಿ ಹೋಗುತ್ತಾರೆ. ಬುಡದ ಕಡೆ ಬೇರಿನ ಗೋಡೆ, ತುದಿಯ ಕಡೆ ಕೊಂಬೆಯ ಪೊದೆ. ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ಆಚೆ ಬಂದಾಗ ಅಲ್ಲೊಂದು ತೆಳು ಹಾದಿ ಕಾಣುತ್ತದೆ. ಇದೇ ಎಂದು ಹಿಡಿದುಬಿಡುತ್ತಾರೆ. ಅದು ಪ್ರಾಣಿಗಳ ಹಾದಿ.

ಎರಡಕ್ಕೂ ವ್ಯತ್ಯಾಸ ನೆಲದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಸೊಂಟದ ಎತ್ತರದಲ್ಲಿ ನೋಡಿ. ಪ್ರಾಣಿಯ ಹಾದಿಯಲ್ಲಿ ಮೊಣಕಾಲಿನ ತನಕ ಸಲೀಸು, ಅದರ ಮೇಲೆ ಕೊಂಬೆ ಅಡ್ಡಡ್ಡ. ನೀವು ಬಗ್ಗಬೇಕಾಗುತ್ತದೆ. ಮನುಷ್ಯರ ಹಾದಿಯಲ್ಲಿ ಮುಖದ ಎತ್ತರದ ಕೊಂಬೆ ಮುರಿದಿರುತ್ತದೆ ಅಥವಾ ಕಡಿದಿರುತ್ತದೆ, ತುದಿ ಚಪ್ಪಟೆಯಾಗಿರುತ್ತದೆ. ಎರಡು ನಿಮಿಷದಲ್ಲಿ ಮೂರು ಸಲ ಬಗ್ಗಿದಿರಿ ಅಂದರೆ ನಿಂತುಬಿಡಿ. ಬಿದ್ದ ಮರದ ಹತ್ತಿರಕ್ಕೆ ವಾಪಸ್ ಹೋಗಿ. ಈ ಕಡೆ ಹಾದಿ ಎಲ್ಲಿ ಮುಗಿದಿತ್ತೋ ಅದರ ನೇರಕ್ಕೆ ಆಚೆ ಕಡೆ ಹುಡುಕಿ.

ಕವಲು ಬಂದಾಗಲೆಲ್ಲ ಹಿಂತಿರುಗಿ ಒಂದು ಫೋಟೊ ತೆಗೆಯಿರಿ. ವಾಪಸ್ ಬರುವಾಗ ಕಾಣುವುದು ಆ ಮುಖ, ಹೋಗುವಾಗಿನ ಮುಖವಲ್ಲ.

ಫೋನಿನ ಜಿಪಿಎಸ್‌ಗೆ ಸಿಗ್ನಲ್ ಬೇಕು ಎಂದು ತುಂಬಾ ಜನ ತಿಳಿದಿದ್ದಾರೆ. ಬೇಡ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಕಳಿಸುತ್ತವೆ, ಫೋನು ಸುಮ್ನೆ ಕೇಳಿಸಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್‌ನಲ್ಲೂ ಜಾಗ ತೋರಿಸುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಬೇಕಾದದ್ದು ನಕ್ಷೆ. ಅದನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು. ಆರ್ಗ್ಯಾನಿಕ್ ಮ್ಯಾಪ್ಸ್, ಆಸ್ಮ್ಯಾಂಡ್ ಎಂಬ ಎರಡೂ ಆ್ಯಪ್ ಚೆನ್ನಾಗಿವೆ. ಅವುಗಳ ನಕ್ಷೆ 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನದು, ಅಂದರೆ ನಿಮ್ಮ ನಮ್ಮಂಥವರು ನಡೆದು ಬರೆದದ್ದು. ಕಾಲುದಾರಿ ಅದರಲ್ಲಿ ಜಾಸ್ತಿ ಸಿಗುತ್ತದೆ. ಬಯಲಿನಲ್ಲಿ ಫೋನು 5 ಮೀಟರಿನೊಳಗೆ ಹೇಳುತ್ತದೆ. ದಟ್ಟ ಮರದ ಕೆಳಗೆ, ಕಣಿವೆಯಲ್ಲಿ ಅಷ್ಟು ಸರಿ ಇರುವುದಿಲ್ಲ. ಒಂದಕ್ಕೊಂದು ಹತ್ತಿರದ ಎರಡು ದಾರಿಯಲ್ಲಿ ನೀವು ಯಾವುದರ ಮೇಲಿದ್ದೀರಿ ಎಂದು ಅದು ಹೇಳಲಾರದು. ಐದು ನಿಮಿಷ ನಡೆದು ಚುಕ್ಕೆ ಯಾವ ಗೆರೆಯ ಜೊತೆ ಹೋಗುತ್ತಿದೆ ನೋಡಿ.

ಕಾಗದದ ನಕ್ಷೆಯೂ ಇರಲಿ. ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಜಾಗ, ದೂರದೂರ ಇದ್ದರೆ ಸಮ. ಇಷ್ಟು ಗೊತ್ತಿದ್ದರೆ ಶುರು ಮಾಡಬಹುದು.

ಪೂರ್ತಿ ದಾರಿ ತಪ್ಪಿದರೆ ತೊರೆಯ ಜೊತೆ ಇಳಿಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ತೊರೆ ಕಲ್ಲಿನ ಸಂದಿಗೆ, ಜಾರುವ ಬಂಡೆಗೆ, ಎಷ್ಟೋ ಸಲ ಜಲಪಾತದ ಅಂಚಿಗೆ ಒಯ್ಯುತ್ತದೆ. ಕೊನೆಯ ಸಲ ‘ಇದೇ ದಾರಿ’ ಎಂದು ಗಟ್ಟಿಯಾಗಿ ಗೊತ್ತಿದ್ದ ಜಾಗಕ್ಕೆ ಹಿಂದಿರುಗಿ. ಅದೂ ಆಗದಿದ್ದರೆ ಇದ್ದಲ್ಲೇ ಇರಿ.

ಹೋಗುವ ಮೊದಲು ಆ ಕಾಡಿಗೆ ಅನುಮತಿ ಬೇಕೇ, ಕಾಳ್ಗಿಚ್ಚಿನ ಕಾಲದಲ್ಲಿ ಮುಚ್ಚಿರುತ್ತಾರೆಯೇ ಎಂದು ವಿಚಾರಿಸಿ. ಬಸ್ಸಿನಲ್ಲಿ ಎರಡು ಗಂಟೆ ಕೂತು ಹೋದವರಿಗೆ ಮುಚ್ಚಿದ ಗೇಟು ತುಂಬಾ ನೋವು ಕೊಡುತ್ತದೆ.

ಹತ್ತಿ ಬಟ್ಟೆ ಬರೆದದ್ದು:

ನಾನು ನರ್ಸ್. ಚೀಲದಲ್ಲಿ ಏನಿರಬೇಕು ಎಂಬುದಕ್ಕಿಂತ ಕೈಗೆ ಏನು ಗೊತ್ತಿರಬೇಕು ಎಂದು ಚುಟುಕಾಗಿ ಹೇಳುತ್ತೇನೆ.

ಜಿಗಣೆ ಕಚ್ಚಿದರೆ ಉಪ್ಪು, ಬೆಂಕಿ ಬೇಡ. ಅದು ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕಬಹುದು. ಸಪೂರ ತುದಿಯ ಪಕ್ಕ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ, ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಹಿರುಡಿನ್‌ನಂಥ ವಸ್ತು ಅದರ ಎಂಜಲಿನಲ್ಲಿ ಇರುತ್ತದೆ. ಅದಕ್ಕೇ ರಕ್ತ ತುಂಬಾ ಹೊತ್ತು ಜಿನುಗುತ್ತದೆ. ಒತ್ತಿ ಹಿಡಿದು ಪಟ್ಟಿ ಕಟ್ಟಿ. ಉಣ್ಣೆ (ಉಣುಗು ಹುಳ) ಕಚ್ಚಿಕೊಂಡಿದ್ದರೆ ಮಾತ್ರ ಚಿಮುಟ ಬೇಕು. ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ, ತಿರುಚಬೇಡಿ.

ಗುಡುಗು. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರ ಒಳಗೆ ಕೇಳಿಸಿದರೆ ಅಪಾಯ ಹತ್ತಿರವೇ ಇದೆ. ಒಂಟಿ ಮರ, ಎಲ್ಲಕ್ಕಿಂತ ಎತ್ತರದ ಮರ, ಬೆಟ್ಟದ ನೆತ್ತಿ, ಇವುಗಳಿಂದ ದೂರ ಬನ್ನಿ. ಕೊನೆ ಗುಡುಗಿನಿಂದ 30 ನಿಮಿಷ ಕಾಯಿರಿ. ಆ ಅರ್ಧ ಗಂಟೆ ನಿಮ್ಮ ಬಸ್ಸಿನ ಲೆಕ್ಕದಲ್ಲಿ ಮೊದಲೇ ಇರಬೇಕು. ಇಲ್ಲದಿದ್ದರೆ ಬಸ್ಸು ತಪ್ಪುತ್ತದೆ ಎಂದು ಮಿಂಚಿನಲ್ಲೇ ಓಡುತ್ತೀರಿ.

ಇಬ್ಬರ ಕೊರಳಲ್ಲೂ ಒಂದೊಂದು ಸೀಟಿ ಇರಲಿ. ಬೆಟ್ಟಗಳಲ್ಲಿ ಹಿಂದಿನಿಂದ ಬಂದ ರೂಢಿ ಇದು: ಒಂದು ನಿಮಿಷದಲ್ಲಿ ಆರು ಸಲ ಊದುವುದು, ಒಂದು ನಿಮಿಷ ಬಿಡುವುದು, ಮತ್ತೆ ಆರು. ಕೇಳಿದವರು ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಕೂಗಿದರೆ ಗಂಟಲು ಬೇಗ ಸೋಲುತ್ತದೆ. ಸೀಟಿ ಸೋಲುವುದಿಲ್ಲ.

ಬಸ್ಸಿನಲ್ಲಿ ಹಾಕಿಕೊಳ್ಳಲು ಒಂದು ಜೊತೆ ಒಣ ಕಾಲುಚೀಲ. ಒದ್ದೆ ಕಾಲಿನಲ್ಲಿ ಎರಡು ಗಂಟೆ ಕೂತರೆ ಬೊಬ್ಬೆ ಇನ್ನೂ ಜಾಸ್ತಿಯಾಗುತ್ತದೆ.

ಹೊಸ ಹೆಜ್ಜೆ ಬರೆದದ್ದು:

ಎಲ್ಲವನ್ನೂ ತಂಗಿಗೆ ಓದಿ ಹೇಳಿದೆ. ಆ 7 ಗಂಟೆ 12 ನಿಮಿಷದ ಲೆಕ್ಕ ಕೇಳಿ ಅವಳ ಮುಖ ಅರಳಿತು. ನಾವು ನಿಧಾನ ಅಂದುಕೊಂಡು ಇಷ್ಟು ದಿನ ಕೊರಗಿದ್ದಳು.

ಈಗ ಒಂದು ದಾರಿ ನೋಡಿದ್ದೇವೆ. ಒಂದು ತುದಿಯಿಂದ ಇನ್ನೊಂದು ತುದಿಗೆ 9 ಕಿಲೋಮೀಟರ್, ಏರು 180 ಮೀಟರ್, ಇಳಿತ 300 ಮೀಟರ್. ದೂರಕ್ಕೆ 3 ಗಂಟೆ, ಏರಿಗೆ 18 ನಿಮಿಷ, ನಿಲ್ಲುವುದಕ್ಕೆ ಮುಕ್ಕಾಲು ಗಂಟೆ, ಗುಡುಗಿಗೆ ಅರ್ಧ ಗಂಟೆ. ಬೆಳಿಗ್ಗೆ 9:40ಕ್ಕೆ ಶುರು ಮಾಡಿದರೆ ಎಲ್ಲ ಸೇರಿ 2:15ರ ಸುಮಾರು. ಆ ತುದಿಯಿಂದ ವಾಪಸ್ ಬಸ್ಸು 2:20, 3:50, 5:30ಕ್ಕೆ. ನಮ್ಮ ಬಸ್ಸು 3:50ರದು.

ಪುಟ್ಟ ಪಾದ ಅವರ ಮಾತೂ ಮನಸ್ಸಿನಲ್ಲಿದೆ. ಮೊದಲು ಈ ತುದಿಯಿಂದ 3 ಕಿಲೋಮೀಟರ್ ಒಳಗೆ ಹೋಗಿ ಬಂದರೆ ಹೇಗೆ? ಇಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾ?

ಕಿಟಕಿ ಸೀಟು ಬರೆದದ್ದು:

ಪುಟ್ಟ ಪಾದ ಹೇಳಿದ್ದು ಸರಿ, ನಾನು ಆತುರಪಟ್ಟೆ. ದಾಟಿ ಹೋಗುವ ದಾರಿಯ ಮೇಲೆ ನನಗಿರುವ ಪ್ರೀತಿ ಹಾಗೆ ಬರೆಸಿತು. ಮೊದಲ ಸಲ ಒಳಗೆ ಹೋಗಿ ಬನ್ನಿ. ಆದರೆ ನೀವು ಬಸ್ಸು ಹತ್ತಬೇಕೆಂದಿರುವ ಆಚೆ ತುದಿಯಿಂದ ಒಳಗೆ ಹೋಗಿ. ದಾರಿಯ ಕೊನೆಯ 3 ಕಿಲೋಮೀಟರ್ ಗುರುತಾಗುತ್ತದೆ, ಸ್ಟಾಪೂ ಗೊತ್ತಾಗುತ್ತದೆ. ದಣಿದಾಗ ನಡೆಯುವುದು ಆ ತುಂಡನ್ನೇ. ಮುಂದಿನ ಸಲ ಪೂರ್ತಿ ದಾಟುವಾಗ ಆ 3 ಕಿಲೋಮೀಟರ್ ನಿಮ್ಮ ಪರಿಚಯದ್ದಾಗಿರುತ್ತದೆ.

ಇಳಿತದ ಲೆಕ್ಕ ನೈಸ್ಮಿತ್ ಲೆಕ್ಕಕ್ಕೆ ಎರಿಕ್ ಲ್ಯಾಂಗ್‌ಮುಯರ್ ಎಂಬ ಪರ್ವತಾರೋಹಿ ಆಮೇಲೆ ಸೇರಿಸಿದ್ದು. ಸಲೀಸಾದ ಇಳಿಜಾರಾದರೆ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಿರಿ, ಕಡಿದಾಗಿದ್ದರೆ 10 ನಿಮಿಷ ಕೂಡಿಸಿ. ನಾನು ಕಳೆಯುವುದಿಲ್ಲ, ಕೂಡಿಸುವುದು ಮಾತ್ರ. ಮಂಡಿಗೂ ಒಳ್ಳೆಯದು. ಇಳಿದ ನೋವು ಅವತ್ತು ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ತೊಡೆಯಲ್ಲಿ ಕಾಣಿಸುತ್ತದೆ. ಹೆದರಬೇಡಿ.

ಹೊಸ ಹೆಜ್ಜೆ ಬರೆದದ್ದು:

ಹೋಗಿ ಬಂದೆವು. ಎರಡು ಸಲ! ಎರಡು ವಾರದ ಹಿಂದೆ ಆಚೆ ತುದಿಯಿಂದ 3 ಕಿಲೋಮೀಟರ್ ಒಳಗೆ ಹೋಗಿ ಬಂದದ್ದು, ನಿನ್ನೆ ಪೂರ್ತಿ 9.

ನಿನ್ನೆ ಒಂದು ದೊಡ್ಡ ಮರ ಅಡ್ಡ ಬಿದ್ದಿತ್ತು. ಸುತ್ತಿ ಹೋಗಿ ಆಚೆ ಬಂದಾಗ ತರಗೆಲೆ ಅವರು ಹೇಳಿದ ಹಾಗೇ ಒಂದು ಹಾದಿ. ತಂಗಿ ಮುಂದಿದ್ದಳು. ಎರಡನೇ ಸಲ ಬಗ್ಗಿದಾಗಲೇ ನಿಂತು ನನ್ನ ಕಡೆ ತಿರುಗಿದಳು. ಇಬ್ಬರೂ ವಾಪಸ್ ಬಂದು ನೇರಕ್ಕೆ ಹುಡುಕಿದೆವು. ಇಪ್ಪತ್ತು ಹೆಜ್ಜೆಯಾಚೆ ಮರದ ಮೇಲೆ ಹಳದಿ ಪಟ್ಟಿ ಇತ್ತು, ಅರ್ಧ ಪಾಚಿ ಮುಚ್ಚಿತ್ತು. ಅವಳು ಹತ್ತಿರ ಹೋಗಿ ಕೈಯಿಂದ ಪಾಚಿ ಒರೆಸಿದಳು.

ಕೊನೆಯ 3 ಕಿಲೋಮೀಟರ್ ಬಂದಾಗ ಅವಳೇ ದಾರಿ ಹೇಳುತ್ತಾ ಹೋದಳು. ಇಲ್ಲಿ ಎಡಕ್ಕೆ, ಇಲ್ಲಿ ಒದ್ದೆ ಬಂಡೆ ಇದೆ ಕೋಲು ಊರು, ಹೀಗೆ.

ಗುಡುಗು ಬರಲಿಲ್ಲ. ಆದರೆ ಇಳಿತ ಅಂದುಕೊಂಡದ್ದಕ್ಕಿಂತ ಕಡಿದಾಗಿತ್ತು. ಸ್ಟಾಪಿಗೆ 2:35ಕ್ಕೆ ಬಂದೆವು. 2:20ರ ಬಸ್ಸು ಹೋಗಿತ್ತು, ಅದು ನಮ್ಮದಾಗಿರಲಿಲ್ಲ. ಒಣ ಕಾಲುಚೀಲ ಹಾಕಿಕೊಂಡು ಕಂಬಕ್ಕೆ ಒರಗಿ ಕೂತೆವು. ಹೊತ್ತಿನ ಹಾಳೆಯನ್ನು ಕೆಳಗಿನಿಂದ ಓದಿದೆ. 5:30ರ ಮುಂದೆ ಒಂದು ಗುರುತಿದೆ, ಭಾನುವಾರ ಆ ಬಸ್ಸು ಇಲ್ಲ. ನಿನ್ನೆ ಶನಿವಾರ. ಯಾರಾದರೂ ಈ ದಾರಿಗೆ ಹೋಗುವುದಾದರೆ ಹೇಳಿ, ಹಾಳೆಯ ಫೋಟೊ ನನ್ನ ಹತ್ತಿರ ಇದೆ.

ನಮ್ಮ ಬಸ್ಸು 3:54ಕ್ಕೆ ಬಂತು. ನೋಟ್‌ಬುಕ್ಕಿನಲ್ಲಿ ಬರೆದಿದ್ದೇವೆ.